ಕಾರ್ಟೂನಿನ ಗಡಿಯಾಚೆ ಯಾರಿದ್ದಾರೆ: ಕೇರಳದ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಕೇರಳದ ಸಾರ್ವಜನಿಕ ಶಿಕ್ಷಣ ಸಚಿವರಿಗೆ, ಕಾಸರಗೋಡಿನ ಕನ್ನಡ ಮಾಧ್ಯಮದ ಸಮಾಜ ವಿಜ್ಞಾನ ಅಧ್ಯಾಪಕನೊಬ್ಬನ ನಮಸ್ಕಾರಗಳು.

ಮಾನ್ಯರೇ, ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳೊಂದಿಗೆ ಅವರು ಚಿಕ್ಕಂದಿನಿಂದ ನೋಡಿದ ಕಾರ್ಟೂನುಗಳನ್ನೇ ಮುಂದಿಟ್ಟುಕೊಂಡು ಮಾತನಾಡಲು ಪಾಠಕ್ರಮದಲ್ಲಿ ಜಾಗ ಮಾಡಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳು ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ ಕಾರ್ಟೂನು ನೋಡಿ ಬೆಳೆದವರು. ಎಷ್ಟೋ ಕಥೆಗಳ ಹಂದರ ಒಂದೇ. ಈಚೆ ಹಸಿರು ಊರು, ಗುಡಿ, ನಗುವ ಜನ. ಆಚೆ ಕರಿಬಂಡೆ, ಕೆಂಪು ಕಣ್ಣು, ಬೇರೆ ಉಡುಪು, ಬೇರೆ ದೇವರು. ಆಚೆಯವರು ಪವಿತ್ರವಾದದ್ದನ್ನು ಕದಿಯಲು ಬರುತ್ತಾರೆ, ನಾಯಕ ಹೊಡೆದು ಓಡಿಸುತ್ತಾನೆ. ಆ ಜಾಗ ಮೊದಲು ಯಾರದಾಗಿತ್ತು, ಆಚೆಯವರಿಗೂ ಮನೆಮಕ್ಕಳಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಕಳ್ಳನೆನಿಸಿಕೊಂಡವನಿಗೆ ಠಾಣೆಯಿಲ್ಲ, ಕೋರ್ಟಿಲ್ಲ, ಪೆಟ್ಟೇ ತೀರ್ಪು.

ಆರು ವರ್ಷದ ಮಗುವಿಗೆ ಇದು ಆಟ. ಹದಿನಾಲ್ಕಕ್ಕೆ ಬರುವಾಗ ಅದೇ ಅಚ್ಚಿನಲ್ಲಿ ಮಕ್ಕಳು ಸುದ್ದಿಯನ್ನೂ ಎರಕ ಹೊಯ್ಯುತ್ತಾರೆ. ಜೆರುಸಲೇಮಿನ ಮಾತು ಬಂದರೆ "ಸರ್, ಅದರಲ್ಲಿ ಒಳ್ಳೆಯವರು ಯಾರು?" ಎಂಬುದೇ ಮೊದಲ ಪ್ರಶ್ನೆ. ಅಲ್ಲಿ ಒಂದೇ ದಿಬ್ಬ ಯಹೂದ್ಯರಿಗೂ ಮುಸ್ಲಿಮರಿಗೂ ಪವಿತ್ರ. 1947ರಲ್ಲಿ ಪ್ಯಾಲೆಸ್ತೀನನ್ನು ಯಹೂದ್ಯ, ಅರಬ್ ರಾಷ್ಟ್ರಗಳಾಗಿ ಭಾಗಿಸಲು ಹೊರಟ ವಿಶ್ವಸಂಸ್ಥೆಯ ಯೋಜನೆ ಆ ನಗರವನ್ನು ಯಾವ ಪಕ್ಷಕ್ಕೂ ಕೊಡದೆ ಅಂತಾರಾಷ್ಟ್ರೀಯ ಆಡಳಿತದಲ್ಲಿಡಬೇಕೆಂದಿತ್ತು. 1948ರ ಯುದ್ಧದಲ್ಲಿ ಅದು ಎರಡು ಭಾಗವಾಯಿತು, 1967ರಲ್ಲಿ ಪೂರ್ವ ಭಾಗವೂ ಇಸ್ರೇಲಿನ ವಶವಾಯಿತು. ಇಷ್ಟನ್ನು ಸಾವಧಾನವಾಗಿ ಹೇಳಿದರೆ ಮಕ್ಕಳ ಪ್ರಶ್ನೆಗಳೇ ಬದಲಾಗುತ್ತವೆ. ಮನೆ ಬಿಟ್ಟವರು ಎಲ್ಲಿ ಹೋದರು ಎನ್ನುತ್ತಾರೆ. ನಮ್ಮದೇ ದೇಶದಲ್ಲಿ ಭಾರತ-ಪಾಕಿಸ್ತಾನದ ಗಡಿ ಗುರುತಿಸಿದ ರ‍್ಯಾಡ್‌ಕ್ಲಿಫ್ ರೇಖೆ ಪ್ರಕಟವಾದದ್ದು 1947ರ ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನದ ಮೇಲೆ. ತಾವು ಯಾವ ದೇಶದಲ್ಲಿದ್ದೇವೆಂದು ತಿಳಿಯದೆ ಜನ ಆ ಎರಡು ದಿನ ಕಳೆದರು ಎಂದಾಗ ಇಡೀ ತರಗತಿ ಕಿವಿಗೊಡುತ್ತದೆ. 1956ರ ರಾಜ್ಯ ವಿಂಗಡಣೆಯ ಗೆರೆಯ ಈಚೆ, ಕೇರಳದಲ್ಲಿ ಉಳಿದ ಕನ್ನಡಿಗರ ಮೊಮ್ಮಕ್ಕಳಿಗೆ ಗಡಿಯ ಸಂಕಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಪರಾಧದ ಪಾಠವೂ ಹೀಗೆಯೇ ಆಗಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಸಮುದಾಯ, ಭಾಷೆ, ನಂಬಿಕೆಯ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಕಾರ್ಟೂನಿನ ನಾಯಕ ಊರವರನ್ನು ಕೂಡಿಸಿಕೊಂಡು ಒಬ್ಬನನ್ನು ಬಡಿಯುವ ದೃಶ್ಯ ತೋರಿಸಿ ಈ ಕಲಮು ಓದಿಸಿದರೆ ಸಾಕು, ಚರ್ಚೆ ತಾನಾಗಿ ಏಳುತ್ತದೆ.

ಇದಕ್ಕೆ ಹೊಸ ವ್ಯವಸ್ಥೆ ಬೇಡ. 2018ರಿಂದ ನಡೆಯುತ್ತಿರುವ ಲಿಟಲ್ ಕೈಟ್ಸ್ ಎಂಬ ಶಾಲಾ ಐಟಿ ಕೂಟಗಳಲ್ಲಿ ಪ್ರೌಢಶಾಲೆಯ ಮಕ್ಕಳು ಆನಿಮೇಶನ್ ಕಲಿಯುತ್ತಿದ್ದಾರೆ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ಕ್ಷೇತ್ರದ ಉತ್ಸವಕ್ಕೆ ಮುನ್ನ ದೈವಪಾತ್ರಿಗಳು ಮಸೀದಿಗೆ ಹೋಗಿ ಜಮಾಅತಿನವರನ್ನು ಆಮಂತ್ರಿಸುವುದನ್ನು ನಮ್ಮ ಮಕ್ಕಳು ಕಂಡವರು. ಅದನ್ನು ಅವರೇ ಚಿತ್ರಿಸಲಿ, ಆಚೆಯವರಿಗೂ ಹೆಸರು, ಮುಖ, ಮಾತು ಕೊಡಲಿ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳುತ್ತೇನೆ. ಇಂಥ ಪಾಠ ನಡೆಯುವುದು ಮಾತುಕತೆಯಲ್ಲಿ. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದರೆ ಧರ್ಮ, ಜಗಳ, ಭಯದ ಬಗ್ಗೆ ಮಗು ಬಾಯಿ ಬಿಡುವುದಿಲ್ಲ. ಆದ್ದರಿಂದ ಈ ಪಾಠದ ಕೈಪಿಡಿ ಮಲಯಾಳದ ಜೊತೆಜೊತೆಗೇ ಕನ್ನಡದಲ್ಲೂ ಬರಲಿ, ಅಧ್ಯಾಪಕರ ತರಬೇತಿ ಕಾಸರಗೋಡಿನಲ್ಲೇ ಕನ್ನಡದಲ್ಲಿ ನಡೆಯಲಿ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಈ ಎರಡಕ್ಕೂ ತಾವು ಆದೇಶ ಹೊರಡಿಸಬೇಕೆಂದು ವಿನಂತಿ.

ಇತಿ,
ಗಡಿನಾಡಿನ ಒಬ್ಬ ಕನ್ನಡ ಅಧ್ಯಾಪಕ