ಆ ಚೀಟಿಯಲ್ಲಿ ನಿನ್ನ ಹೆಸರಿರಲಿಲ್ಲ

ಟೋಕಿಯೊ
30 ಆಗಸ್ಟ್ 2025

ಅಮ್ಮನಿಗೆ ಮಗಳು ಮಾಡುವ ನಮಸ್ಕಾರಗಳು. ಅಪ್ಪನಿಗೂ ತಿಳಿಸು.

ಗೌರಿ ಹಬ್ಬದ ದಿನ ಮೊಬೈಲಿನಲ್ಲಿ ನನ್ನ ಮುಖ ನೋಡಿದವಳೇ ನೀನು, "ತುಟಿ ಯಾಕೆ ಹೀಗೆ ಒಡೆದಿದೆ, ಮೂಗಿನ ಮೇಲೆ ಸಿಪ್ಪೆ ಏಳುತ್ತಿದೆಯಲ್ಲ?" ಎಂದು ಕೇಳಿದೆ. ಕಚೇರಿಯ ಏಸಿ ಗಾಳಿಗೆ ಹೀಗಾಗಿದೆ ಎಂದು ಹೇಳಿದೆ. ಅದು ಸುಳ್ಳು. ಅದಕ್ಕೂ ಮೂರು ದಿನ ಮುಂಚೆ, ಶನಿವಾರ, "ಇವತ್ತು ಬೇಗ ಮಲಗುತ್ತೇನೆ ಅಮ್ಮ, ಫೋನ್ ಮಾಡಬೇಡ" ಎಂದು ಸಂದೇಶ ಕಳುಹಿಸಿದ್ದೆ. ನಿಮಗಿನ್ನೂ ಮಧ್ಯಾಹ್ನ ಎರಡೂವರೆ. ಬೇಗ ಮಲಗಿದ್ದು ನಿಜ. ಆದರೆ ನನ್ನ ಕೋಣೆಯಲ್ಲಲ್ಲ, ಫ್ಯೂಜಿ ಬೆಟ್ಟದ ಮೇಲೆ, ಸುಮಾರು 3,100 ಮೀಟರ್ ಎತ್ತರದಲ್ಲಿರುವ ಮರದ ಛತ್ರವೊಂದರಲ್ಲಿ. ಒಬ್ಬಳೇ ಹೋಗಿದ್ದೆ.

ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆಯೇ ಅಳುತ್ತೀಯ, ನಾನು ಅರ್ಧಕ್ಕೆ ನಿಲ್ಲಿಸಿ ಮಾತು ಬದಲಿಸುತ್ತೇನೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು.

ಚಳಿಗಾಲದ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ, ನಮ್ಮ ಕಟ್ಟಡದ ಪಡಸಾಲೆಯ ಕೊನೆಯಿಂದ ಫ್ಯೂಜಿ ಕಾಣುತ್ತದೆ. ನೂರು ಕಿಲೋಮೀಟರ್ ದೂರದಲ್ಲಿದ್ದರೂ ಪಕ್ಕದ ಬೀದಿಯಲ್ಲಿ ಎದ್ದು ನಿಂತ ಹಾಗೆ. ಇಲ್ಲಿಗೆ ಬಂದ ಮೊದಲ ವರ್ಷ ಅದನ್ನು ನೋಡಿದಾಗಲೆಲ್ಲ ಚಾಮುಂಡಿಪುರಂನ ನಮ್ಮ ತಾರಸಿಯೇ ಕಣ್ಣಿಗೆ ಬರುತ್ತಿತ್ತು. ಸಂಡಿಗೆ ಒಣಹಾಕುವಾಗ ನೀನು ಒಂದು ಸಲ ಬೆಟ್ಟದ ಕಡೆ ತಿರುಗಿ ಕೈಮುಗಿದು ಆಮೇಲೆ ಕೆಲಸಕ್ಕೆ ಕೂರುತ್ತಿದ್ದೆ. ಎರಡು ವರ್ಷ ದೂರದಿಂದಲೇ ನೋಡಿದ ಮೇಲೆ, ಈ ಸಲ ಹತ್ತಿಯೇ ಬಿಡೋಣ ಎಂದು ಸಹೋದ್ಯೋಗಿಯೊಬ್ಬಳೂ ನಾನೂ ಮಾತಾಡಿಕೊಂಡು ಛತ್ರದಲ್ಲಿ ಜಾಗ ಕಾಯ್ದಿರಿಸಿದ್ದೆವು. ಗುರುವಾರ ಅವಳಿಗೆ ಜ್ವರ ಬಂತು. ನಾನು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಒಬ್ಬಳೇ ಹೋಗಬೇಕೆಂಬ ಆಸೆ ಒಳಗೆಲ್ಲೋ ಮೊದಲಿನಿಂದಲೂ ಇತ್ತು ಎಂಬುದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ಎತ್ತರ ಎಷ್ಟೆಂದು ಅಪ್ಪ ಕೇಳುತ್ತಾರೆ. 3,776 ಮೀಟರ್. ನಮ್ಮ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಇಲ್ಲಿ ಬಸ್ಸು ನನ್ನನ್ನು ಇಳಿಸಿದ ಜಾಗವೇ 2,300 ಮೀಟರ್ ಎತ್ತರದಲ್ಲಿತ್ತು. ಬುಡದಿಂದ ತುದಿಯವರೆಗೆ ಬೆಟ್ಟವನ್ನು ಹತ್ತು ಘಟ್ಟಗಳಾಗಿ ಎಣಿಸುತ್ತಾರೆ. ಬಸ್ಸು ಹೋಗುವುದು ಐದನೆಯ ಘಟ್ಟದವರೆಗೆ. ಅಲ್ಲಿಂದ ಮೇಲೆ ಹತ್ತುವ ಎತ್ತರ, ಚಾಮುಂಡಿ ಬೆಟ್ಟವನ್ನು ಬುಡದಿಂದ ಐದು ಸಲ ಒಂದರ ಮೇಲೊಂದು ಇಟ್ಟಷ್ಟು.

ಅಲ್ಲಿಗೆ ಹೋಗುವ ಮುಂಚೆ ಒಂದು ಚೀಟಿ ತುಂಬಬೇಕು. ಬೇಸಿಗೆಯಲ್ಲಿ ಕಡ್ಡಾಯವೇನಲ್ಲ, ಆದರೆ ತುಂಬಿಕೊಡಿ ಎಂದು ಎಲ್ಲ ಕಡೆ ಹೇಳುತ್ತಾರೆ. ಹೆಸರು, ವಯಸ್ಸು, ಯಾವ ದಾರಿಯಲ್ಲಿ ಹತ್ತುತ್ತೀರಿ, ಯಾವುದರಲ್ಲಿ ಇಳಿಯುತ್ತೀರಿ, ಎಲ್ಲಿ ತಂಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ. ಬಾರದೆ ಹೋದರೆ ಹುಡುಕುವವರಿಗೆ ಅದೇ ಆಧಾರ. ಎಲ್ಲವನ್ನೂ ಬರೆದೆ. ಕೊನೆಯ ಸಾಲು, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬುದು. ಅಲ್ಲಿ ಕೈ ನಿಂತಿತು. ನಿನ್ನ ಹೆಸರು ಬರೆದರೆ ನಿನಗೆ ಹೇಳಬೇಕು. ಹೇಳಿದರೆ ನೀನು ಬೇಡ ಎನ್ನುತ್ತೀಯ. ಜ್ವರದಲ್ಲಿ ಮಲಗಿದ್ದ ಸಹೋದ್ಯೋಗಿಯ ಹೆಸರು ಬರೆದು ಕಳುಹಿಸಿದೆ. ಮುಖವನ್ನೇ ನೋಡದ ಜನರಿಗೆ ನಾನೆಲ್ಲಿದ್ದೇನೆಂದು ಗಂಟೆಯ ಲೆಕ್ಕದಲ್ಲಿ ತಿಳಿದಿತ್ತು, ನಿನಗೆ ತಿಳಿದಿರಲಿಲ್ಲ. ಹತ್ತುವಾಗಲೂ ಇಳಿಯುವಾಗಲೂ ಕಾಲಿಗೆ ಚುಚ್ಚಿದ ಕಲ್ಲುಗಳಿಗಿಂತ ಅದೇ ಹೆಚ್ಚು ಚುಚ್ಚಿತು.

ಯೊಶಿದಾ ಎಂಬ ದಾರಿಯಲ್ಲಿ ಹತ್ತಿದೆ. ಅದರ ಬಾಗಿಲಲ್ಲಿ 4,000 ಯೆನ್ ಶುಲ್ಕ, ದಿನಕ್ಕೆ 4,000 ಜನಕ್ಕೆ ಮಾತ್ರ ಅವಕಾಶ. ಮಧ್ಯಾಹ್ನ ಎರಡರಿಂದ ಬೆಳಗಿನ ಜಾವ ಮೂರರವರೆಗೆ ಬಾಗಿಲು ಮುಚ್ಚಿ, ಛತ್ರದಲ್ಲಿ ಜಾಗ ಇರುವವರನ್ನಷ್ಟೇ ಬಿಡುತ್ತಾರೆ. ಮಲಗದೆ ರಾತ್ರಿಯಿಡೀ ಹತ್ತಿ ಸೂರ್ಯೋದಯ ನೋಡಿ ಇಳಿಯುವ ಆತುರದಲ್ಲಿ ಜನ ಕುಸಿದು ಬೀಳುತ್ತಿದ್ದರು, ಅದಕ್ಕೇ ಈ ಬಿಗಿ. ಒಳ್ಳೆಯ ನಿಯಮ ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ಆದರೆ ಒಳಗೆ ಹೋದ ಮೇಲೆ ನಾನು ಮಾಡಿದ್ದೂ ಅದೇ ಆತುರ. ಮರಗಳು ಬೇಗ ಮುಗಿದುಹೋದವು. ಆಮೇಲೆ ಕೆಂಪು, ಕಪ್ಪು ಗರಸು. 1707ರಲ್ಲಿ ಕೊನೆಯ ಸಲ ಬೆಂಕಿ ಉಗುಳಿದ ಬೆಟ್ಟ ಇದು. ಕಾಲಿಟ್ಟಲ್ಲೆಲ್ಲ ಇದ್ದಿಲಿನಂಥ ಹಗುರ ಕಲ್ಲು ಕರಕರ ಎನ್ನುತ್ತದೆ. ಮುಂದೆ ಹೋಗುತ್ತಿದ್ದ ಅರವತ್ತು, ಎಪ್ಪತ್ತು ವಯಸ್ಸಿನವರನ್ನೆಲ್ಲ ಹಿಂದೆ ಹಾಕಿದೆ. ಏಳನೆಯ ಘಟ್ಟ ದಾಟಿ ಬಂಡೆಗಳ ಮೇಲೆ ಕೈಯೂರಿ ಹತ್ತುವಾಗ ತಲೆಯ ಹಿಂಭಾಗದಲ್ಲಿ ನೋವು ಶುರುವಾಯಿತು. ಛತ್ರ ತಲುಪುವ ಹೊತ್ತಿಗೆ ಹಣೆಯ ಎರಡೂ ಕಡೆ ಬಡಿಯುತ್ತಿತ್ತು. ನೀನು ಕಳುಹಿಸಿದ್ದ ಪುಳಿಯೋಗರೆ ಗೊಜ್ಜಿನಲ್ಲಿ ಅನ್ನ ಕಲಸಿ ಒಯ್ದಿದ್ದೆ. ಎರಡು ತುತ್ತು ತಿಂದೆ, ಮೂರನೆಯದು ಇಳಿಯಲಿಲ್ಲ.

ಅಲ್ಲಿ ಹಲಗೆಯ ಮೇಲೆ ಸಾಲಾಗಿ, ಭುಜಕ್ಕೆ ಭುಜ ತಾಗಿಸಿ ಮಲಗುವುದು. ನನ್ನ ಎಡಕ್ಕಿದ್ದ ಹಿರಿಯ ಹೆಂಗಸು ನಾನು ತಲೆ ಹಿಡಿದು ಮಲಗಲು ಹೊರಟಿದ್ದನ್ನು ನೋಡಿ, ಕೂಡಲೇ ಮಲಗಬೇಡ ಎಂದು ಸನ್ನೆ ಮಾಡಿ ಎಬ್ಬಿಸಿ ಕೂರಿಸಿದರು. ನಿದ್ದೆಯಲ್ಲಿ ಉಸಿರು ಸಣ್ಣದಾಗುತ್ತದೆ, ಮೊದಲೇ ಗಾಳಿ ತೆಳುವಾಗಿರುವಲ್ಲಿ ನೋವು ಇನ್ನೂ ಏರುತ್ತದೆ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಪಾಲು. ಅವರು ನನ್ನ ಎದೆಯ ಮುಂದೆ ಕೈ ಹಿಡಿದು, ಉದ್ದಕ್ಕೆ ಉಸಿರು ಬಿಡುವುದನ್ನು ತೋರಿಸಿದರು. ದೀಪ ಆರಿಸುವವರ ಹಾಗೆ ತುಟಿ ಕೂಡಿಸಿ, ನಿಧಾನಕ್ಕೆ. ಒಂದು ಗಂಟೆ ಹಾಗೆಯೇ ಕೂತೆ. ನೋವು ಕಡಿಮೆಯಾಗದಿದ್ದರೆ ಬೆಳಗಾದ ಕೂಡಲೇ ಇಳಿದುಬಿಡುವುದು ಎಂದು ನಿರ್ಧರಿಸಿದ್ದೆ. ಎತ್ತರದ ಕಾಯಿಲೆಗೆ ಇಳಿಯುವುದೇ ಎಲ್ಲಕ್ಕಿಂತ ಖಚಿತವಾದ ಔಷಧ. ಇದನ್ನು ಓದಿ ತಿಳಿದುಕೊಂಡೇ ಹೋಗಿದ್ದೆ, ಅಷ್ಟಾದರೂ ನಂಬು.

ಅಮ್ಮ, ಹಾಗೆ ಕೂತಿದ್ದಾಗ ನನಗೆ ಅಪ್ಪನ ಆಪರೇಷನ್ ಆದ ವರ್ಷದ ಆಷಾಢ ನೆನಪಾಯಿತು. ಹರಕೆ ತೀರಿಸಲು ನೀನು ಬುಡದಿಂದ ಪ್ರತಿಯೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬೆಟ್ಟ ಹತ್ತಿದೆ. ನನಗೆ ಹನ್ನೆರಡು ವರ್ಷ, ತಟ್ಟೆ ಹಿಡಿಯುವ ಕೆಲಸ ನನ್ನದು. ಸಾವಿರ ಮೆಟ್ಟಿಲು, ಸಾವಿರ ಸಲ ಬಗ್ಗುವುದು. ನನಗೆ ತಾಳ್ಮೆ ಕೆಟ್ಟು ಇಪ್ಪತ್ತು ಮೆಟ್ಟಿಲು ಓಡಿ ಹತ್ತುತ್ತಿದ್ದೆ, ಮತ್ತೆ ಇಳಿದು ಬರುತ್ತಿದ್ದೆ. ನಂದಿಯ ಹತ್ತಿರ ಬರುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಜಗುಲಿಯ ಮೇಲೆ ಬಿದ್ದುಕೊಂಡೆ. ನೀನು ಬುಡದಲ್ಲಿ ಹೇಗಿದ್ದೆಯೋ ಹಾಗೆಯೇ ಬಂದೆ, ಉಸಿರೂ ಹೆಚ್ಚಾಗಿರಲಿಲ್ಲ. "ಏಳು, ಇನ್ನೊಂದು ಮೆಟ್ಟಿಲಿಗೆ ಹಚ್ಚೋಣ" ಎಂದೆ. ತುದಿಗೆ ಇನ್ನೆಷ್ಟಿದೆ ಎಂದು ಆ ದಿನ ನೀನು ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ.

ರಾತ್ರಿ ಒಂದೂವರೆಗೆ ಎದ್ದಾಗ ತಲೆನೋವು ತೆಳುವಾಗಿತ್ತು. ಹೊರಗೆ ಚಳಿ ಎಂದರೆ ಬೆರಳು ಮಡಚಲಾಗದಷ್ಟು. ಟೋಕಿಯೊದಲ್ಲಿ ಬೆವರು ಸುರಿಯುವ ಆಗಸ್ಟಿನಲ್ಲಿ ಅಲ್ಲಿ ಎರಡು ಸ್ವೆಟರು, ಅದರ ಮೇಲೆ ಮಳೆ ಅಂಗಿ. ಹಣೆಗೆ ದೀಪ ಕಟ್ಟಿಕೊಂಡು ಹೊರಟೆ. ಈ ಸಲ ನಿನ್ನ ನಡಿಗೆ ನಡೆದೆ. ಒಂದು ಹೆಜ್ಜೆ, ಅಲ್ಲಿ ಬಗ್ಗಿ ಕುಂಕುಮ ಹಚ್ಚುವಷ್ಟು ಹೊತ್ತು ನಿಲ್ಲುವುದು, ಉದ್ದಕ್ಕೆ ಉಸಿರು ಬಿಡುವುದು, ಇನ್ನೊಂದು ಹೆಜ್ಜೆ. ನನ್ನನ್ನು ಬಹಳ ಜನ ಹಿಂದೆ ಹಾಕಿ ಹೋದರು. ಹೋಗಲಿ ಎಂದು ದಾರಿ ಬಿಟ್ಟೆ. ಕೆಳಗೆ ತಿರುಗಿ ನೋಡಿದರೆ ಕತ್ತಲಲ್ಲಿ ದೀಪಗಳ ಸಾಲು ಅಂಕುಡೊಂಕಾಗಿ ಏರುತ್ತಿತ್ತು. ನಮ್ಮ ತಾರಸಿಯಿಂದ ರಾತ್ರಿ ಕಾಣುವ ಬೆಟ್ಟದ ರಸ್ತೆಯ ದೀಪಗಳೇ! ಗಂಟಲು ಕಟ್ಟಿತು. ನಿನ್ನನ್ನು ಕೂಗಿ ತೋರಿಸಬೇಕು ಅನ್ನಿಸಿತು, ನಿನಗೆ ನಾನು ಅಲ್ಲಿರುವುದೇ ಗೊತ್ತಿಲ್ಲ.

ಐದು ಗಂಟೆಗೆ ಸ್ವಲ್ಪ ಮುಂಚೆ ತುದಿಯ ಕಲ್ಲಿನ ಸಿಂಹಗಳ ನಡುವಿನಿಂದ ಮೇಲೆ ಬಂದೆ. ಮೋಡ ಕೆಳಗಿತ್ತು, ಹತ್ತಿ ಹಿಂಜಿ ಹರಡಿದಂತೆ. ಸೂರ್ಯ ಅದರೊಳಗಿನಿಂದ ಎದ್ದಾಗ ಅಷ್ಟು ಜನರ ಗದ್ದಲವೂ ಒಂದು ಗಳಿಗೆ ನಿಂತಿತು. ಇಲ್ಲಿಯ ಬೆಟ್ಟವೂ ದೇವಿಯದೇ, ಅಮ್ಮ. ಕೊನೊಹನಸಕುಯಹಿಮೆ ಎಂದು ಅವಳ ಹೆಸರು. ಹಾಗಿದ್ದರೂ 1872ರವರೆಗೆ ಹೆಂಗಸರು ತುದಿಯವರೆಗೆ ಹೋಗುವಂತಿರಲಿಲ್ಲ. ತಕಾಯಾಮಾ ತಾತ್ಸು ಎಂಬವಳು 1832ರಲ್ಲಿ ಗಂಡಸಿನ ವೇಷ ಹಾಕಿಕೊಂಡು ಹತ್ತಿದಳಂತೆ. ಅವಳನ್ನು ನೆನೆದು, ನಿನ್ನನ್ನೂ ನೆನೆದು ಪುಟ್ಟ ಗುಡಿಯ ಮುಂದೆ ಕೈಮುಗಿದೆ. ಪರ್ಸಿನಲ್ಲಿದ್ದ ಬೆಟ್ಟದ ಕುಂಕುಮ ಹಣೆಗೆ ಇಟ್ಟುಕೊಂಡೆ.

3,776 ಮೀಟರಿನ ನಿಜವಾದ ತುದಿ ದೊಡ್ಡ ಕುಳಿಯ ಆಚೆ ದಂಡೆಯಲ್ಲಿದೆ. ಅಲ್ಲಿಗೆ ಹೋಗಲಿಲ್ಲ. ತಲೆ ಮತ್ತೆ ಬಡಿಯತೊಡಗಿತ್ತು, ಇಳಿಯಲು ಕಾಲಿನಲ್ಲಿ ಶಕ್ತಿ ಉಳಿಯಬೇಕಿತ್ತು. ಅದರ ಬಗ್ಗೆ ನನಗೆ ಬೇಸರವಿಲ್ಲ.

ಈಗ ಹೇಳುವುದನ್ನು ಓದುವಾಗ ನಾನು ಕ್ಷೇಮವಾಗಿದ್ದೇನೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೋ. ಇಳಿಯುವ ದಾರಿ ಬೇರೆ. ಸಡಿಲ ಗರಸಿನಲ್ಲಿ ಜಾರುತ್ತಾ ತಿರುವಿನ ಮೇಲೆ ತಿರುವು. ತುದಿಯಿಂದ ಎಂಟನೆಯ ಘಟ್ಟದವರೆಗೆ ಯೊಶಿದಾ ಮತ್ತು ಸುಬಾಶಿರಿ ಎಂಬ ಎರಡು ದಾರಿಗಳು ಒಟ್ಟಿಗೇ ಬಂದು ಅಲ್ಲಿ ಕವಲಾಗುತ್ತವೆ. ನಮ್ಮದಕ್ಕೆ ಹಳದಿ ಗುರುತು, ಇನ್ನೊಂದಕ್ಕೆ ಕೆಂಪು. ಮಂಜು ಕವಿದಿತ್ತು, ನಾನು ಪಾದ ನೋಡಿಕೊಂಡೇ ಇಳಿಯುತ್ತಿದ್ದೆ. ಜನ ಕಡಿಮೆಯಾದದ್ದು ಹಿತವೆನಿಸಿತು. ಕಾಲು ಗಂಟೆಯ ಮೇಲೆ ಮಂಜಿನಿಂದ ಒಂದು ಫಲಕ ಎದುರಾಯಿತು. ಕೆಂಪು. ಬೆಟ್ಟದ ಬೇರೆ ಮಗ್ಗುಲಿಗೆ, ಬೇರೆ ಜಿಲ್ಲೆಗೆ ಇಳಿಯುತ್ತಿದ್ದೆ.

ಆಗ ಹೊಳೆದದ್ದು ಆ ಚೀಟಿ. ಅದರಲ್ಲಿ ಯೊಶಿದಾ ಎಂದು ಬರೆದಿದ್ದೆ. ಇಲ್ಲಿ ಕಾಲು ಮುರಿದುಕೊಂಡು ಬಿದ್ದರೆ ಅವರು ಆ ಕಡೆ ಹುಡುಕುತ್ತಾರೆ. ಮೈಸೂರಿನಲ್ಲಿ ನೀನು, ಮಗಳು ಭಾನುವಾರ ನಿಧಾನಕ್ಕೆ ಏಳುತ್ತಾಳೆ ಎಂದುಕೊಂಡು ಕಾಫಿ ಸೋಸುತ್ತಿರುತ್ತೀಯ. ಗರಸಿನ ಮೇಲೆ ಕೂತುಬಿಟ್ಟೆ. ಅತ್ತೆ. ಜೊತೆಗೆ ಒಬ್ಬರಿದ್ದರೆ "ಫಲಕ ನೋಡು" ಎನ್ನುತ್ತಿದ್ದರು, ಅಷ್ಟೇ ಸಾಕಿತ್ತು. ಕಾಲು ಗಂಟೆ ಇಳಿದದ್ದನ್ನು ವಾಪಸು ಹತ್ತಲು ಮುಕ್ಕಾಲು ಗಂಟೆ ಹಿಡಿಯಿತು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. ಇಡೀ ಬೆಟ್ಟದಲ್ಲಿ ನನಗೆ ಅತಿ ಕಷ್ಟವಾದದ್ದು ಆ ತುಂಡು. ಕವಲಿಗೆ ಬಂದು ಹಳದಿ ಫಲಕವನ್ನು ಕೈಯಿಂದ ಮುಟ್ಟಿಯೇ ಮುಂದೆ ಹೋದೆ. ಹನ್ನೊಂದೂವರೆಗೆ ಬಸ್ಸು ಹಿಡಿದೆ.

ತಪ್ಪಾಯಿತು ಅಮ್ಮ. ಹೋದದ್ದಕ್ಕಲ್ಲ, ಹೇಳದೆ ಹೋದದ್ದಕ್ಕೆ. ಹೋದದ್ದು ತಪ್ಪು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮೇಲೆ ನಿಂತ ಆ ಗಳಿಗೆ ನನ್ನದು, ಅದನ್ನು ಬಿಟ್ಟುಕೊಡಲಾರೆ. ನೀನು ಬೈಯುವುದನ್ನೆಲ್ಲ ಬೈದು ಕಾಗದ ಬರೆ.

ಹತ್ತುವಾಗ ಹಿಡಿದಿದ್ದ ಮರದ ಕೋಲು ಇಲ್ಲಿದೆ. ದಾರಿಯ ಛತ್ರಗಳಲ್ಲಿ ಕಾದ ಕಬ್ಬಿಣದಿಂದ ಅದರ ಮೇಲೆ ಮುದ್ರೆ ಒತ್ತಿಕೊಡುತ್ತಾರೆ. ಊರಿಗೆ ಬರುವಾಗ ತರುತ್ತೇನೆ. ಅಪ್ಪ ಮಂಡಿ ನೋವಿಗೆ ಕೋಲು ಬೇಡ ಎಂದು ಹಟ ಮಾಡುತ್ತಿದ್ದಾರಲ್ಲ, ಇದನ್ನಾದರೂ ಹಿಡಿಯುತ್ತಾರೆ.

ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅಕ್ಟೋಬರ್ 11ರ ಶನಿವಾರ ತಕಾವೊ ಎಂಬ ಗುಡ್ಡಕ್ಕೆ ಹೋಗುತ್ತೇನೆ, 599 ಮೀಟರ್. ಈ ಸಲ ಸಹೋದ್ಯೋಗಿಯೂ ಬರುತ್ತಾಳೆ. ಎಷ್ಟು ಹೊತ್ತಿಗೆ ಹೊರಡುತ್ತೇವೆ, ಹತ್ತುವ ದಾರಿ, ಇಳಿಯುವ ದಾರಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಇಲ್ಲಿಯ ಮೂರು ಗಂಟೆಗೆ, ಅಂದರೆ ನಿನ್ನ ಹನ್ನೊಂದೂವರೆಗೆ ಫೋನ್ ಮಾಡುತ್ತೇನೆ. ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದೂ ಅದರಲ್ಲಿದೆ. ಅವರಿಗೆ ಇಂಗ್ಲಿಷ್ ಬರುತ್ತದೆ, ಪುಟ್ಟ ಮಾತಾಡಲಿ. ಕೊನೆಯ ಸಾಲಿನಲ್ಲಿ ನಿನ್ನ ಹೆಸರು, ನಿನ್ನ ಮೊಬೈಲ್ ಸಂಖ್ಯೆ ಬರೆದಿದ್ದೇನೆ. ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಡು.

ಇಂತಿ,
ನಿನ್ನ ಮಗಳು