ಆ ಪೆಟ್ಟಿಗೆ ರದ್ದಿಗೆ ಹೋಗಲ್ಲ

ಪ್ರೀತಿಯ ಪುಟ್ಟಿ,

"ಆ ಪತ್ತೇದಾರಿ ಪುಸ್ತಕನೆಲ್ಲ ರದ್ದಿಗೆ ಹಾಕಿಬಿಡಪ್ಪಾ, ಇಲ್ಲಿ ಯಾರಿಗಾದ್ರೂ ಗೊತ್ತಾದ್ರೆ ನಗ್ತಾರೆ" ಅಂದೆ ನಿನ್ನೆ. ನಾನು ಆಗಲ್ಲ ಅಂದೆ. ನೀನು ಫೋನ್ ಇಟ್ಟೆ. ಆಮೇಲೆ ಅಮ್ಮ ನನ್ನನ್ನೂ ಬೈದಳು, ನಿನ್ನನ್ನೂ ಬೈದಳು. ನನ್ನ ಧ್ವನಿ ಜೋರಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹೇಳಿದ ಮಾತನ್ನು ಮಾತ್ರ ವಾಪಸ್ ತಗೊಳ್ಳಲ್ಲ.

ನಿನಗೆ ಸಾಹಿತ್ಯ ಓದಲು ಸೀಟು ಸಿಕ್ಕಿದ್ದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಆದರೆ ಕೂತ ಬೆಂಚು ಬಿಸಿಯಾಗುವ ಮೊದಲೇ ಹಳೇ ಪುಸ್ತಕಗಳ ಬಗ್ಗೆ ನಾಚಿಕೆಯಾ?

ಫಲಿತಾಂಶ ಬಂದ ಆ ಮಧ್ಯಾಹ್ನ ನೆನಪಿದೆಯಲ್ಲ. ಅಂಕದ ವಿಷಯ ಬಿಡು. ಊಟ ಬೇಡ ಅಂತ ನೀನು ಕೋಣೆ ಸೇರಿದೆ. ನಾನು ಬೆಣ್ಣೆ ಸವರಿದ ಟೋಸ್ಟ್ ತಂದಿಟ್ಟೆ. ನೀನು ಗೋಡೆಗೆ ಒರಗಿ ಕೂತಿದ್ದೆ, ತೊಡೆಯ ಮೇಲೆ ಕೊಲೆ ಕಾದಂಬರಿ. ತಲೆ ಎತ್ತಲಿಲ್ಲ. ಎಡಗೈ ಮಾತ್ರ ತಟ್ಟೆ ಹುಡುಕಿಕೊಂಡು ಬಂತು. ಒಂದು ತುಂಡು ಬಾಯಿಗೆ ಹೋಯಿತು, ಪುಟ ತಿರುಗಿತು. ಮತ್ತೆ ಕೈ ಬಂತು. ಕೊನೆಗೆ ಖಾಲಿ ತಟ್ಟೆಯಲ್ಲಿ ಬೆರಳು ಅತ್ತ ಇತ್ತ ತಡಕಾಡಿತು, ಕಣ್ಣು ಮಾತ್ರ ಪುಟ ಬಿಡಲಿಲ್ಲ. ನಾನು ಸುಮ್ನೆ ಹೋಗಿ ಇನ್ನೊಂದು ಟೋಸ್ಟ್ ಮಾಡಿ ತಂದೆ.

ಇವತ್ತು ಪೆಟ್ಟಿಗೆ ಬಿಚ್ಚಿ ಆ ಪುಸ್ತಕ ಹುಡುಕಿದೆ. ನಿನ್ನ ಹೆಬ್ಬೆರಳಿನ ಬೆಣ್ಣೆ ಗುರುತು ಹಾಗೇ ಇದೆ. ಅಷ್ಟು ಜಾಗದಲ್ಲಿ ಕಾಗದ ತೆಳ್ಳಗಾದಂತೆ ಕಾಣುತ್ತದೆ, ಹಿಂದಿನ ಪುಟದ ಅಕ್ಷರ ಈ ಕಡೆಗೆ ಇಣುಕುತ್ತದೆ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆಸುತ್ತಾನಲ್ಲ, ಆ ಪುಟದಲ್ಲಿ ಎರಡು ಗುರುತು. ಆಮೇಲೆ ಒಂದೂ ಇಲ್ಲ. ಅಂದರೆ ಕೊಲೆಗಾರ ಸಿಗುವ ಹೊತ್ತಿಗೆ ತಿನ್ನೋದು ಮರೆತೆಯಾ? ಇಲ್ಲಾ ಎರಡನೇ ಟೋಸ್ಟೂ ಮುಗಿದಿತ್ತಾ? ನಾನು ಅದನ್ನು ತಂದಾಗ ನೀನು ಎಷ್ಟನೇ ಅಧ್ಯಾಯದಲ್ಲಿದ್ದೆ? ಬೆಳಗ್ಗೆಯಿಂದ ಇದೇ ಲೆಕ್ಕ ಹಾಕುತ್ತಾ ಕೂತಿದ್ದೇನೆ. ಅಮ್ಮ ನಗುತ್ತಿದ್ದಾಳೆ, ನಗಲಿ ಬಿಡು. ಸಂಜೆ ನೀನು ಹೊರಗೆ ಬಂದು, "ಹೆಂಡತಿಯೇ ಕೊಂದಿದ್ದು ಅಂದ್ಕೊಂಡಿದ್ದೆ, ಅಲ್ಲ" ಅಂದೆ. ಆಮೇಲೆ "ಹಸಿವಾಗ್ತಿದೆ" ಅಂದೆ. ನಾವು ಆಡಿದ ಸಮಾಧಾನದ ಮಾತು ಯಾವುದೂ ಮಾಡದ ಕೆಲಸ ಅದು, ಅಲ್ವಾ?

ಜನಪ್ರಿಯ ಅಂದರೆ ಜೊಳ್ಳು ಅಂತ ಯಾರು ಹೇಳಿಕೊಟ್ಟರು? ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾನ ಕತ್ತಿವರಸೆಯ ಕಥೆ 'ತ್ರೀ ಮಸ್ಕಿಟಿಯರ್ಸ್' 1844ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಜನ ಇವತ್ತಿಗೂ ಅದನ್ನು ಓದುತ್ತಿದ್ದಾರೆ. ಅವನು ಮಹಾ ತಿಂಡಿಪೋತ. ಅಡುಗೆಯ ಬಗ್ಗೆ ದಪ್ಪ ನಿಘಂಟೊಂದನ್ನೂ ಬರೆದಿಟ್ಟಿದ್ದ. ಅದು ಅಚ್ಚಾಗಿದ್ದು 1873ರಲ್ಲಿ, ಅವನು ತೀರಿಕೊಂಡು ಮೂರು ವರ್ಷದ ಮೇಲೆ. ಓದಿನ ರುಚಿ, ನಾಲಿಗೆಯ ರುಚಿ ಎರಡರಲ್ಲೂ ಅವನಿಗೆ ನಾಚಿಕೆ ಇರಲಿಲ್ಲ.

ಪತ್ತೇದಾರಿ ಕಾದಂಬರಿ ಬರೆದ ಇಂಗ್ಲೆಂಡಿನ ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲಕ್ಕೆ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡಿದವಳು. ಯಾವ ವಿಷ ಎಷ್ಟು ಹೊತ್ತಿಗೆ ಏನು ಮಾಡುತ್ತದೆ ಅನ್ನೋದು ಅವಳಿಗೆ ಅಲ್ಲೇ ಗೊತ್ತಾಗಿದ್ದು. 1920ರ ಮೊದಲ ಕಾದಂಬರಿಯಲ್ಲೇ ಕಾಫಿ ಕಪ್ಪಿನ ಮೇಲೂ ಅನುಮಾನ, ಕೋಕೋ ಕಪ್ಪಿನ ಮೇಲೂ ಅನುಮಾನ. ಅದನ್ನು ಬಿಸಿ ಕಾಫಿ ಹಿಡಿದುಕೊಂಡೇ ಓದಬೇಕು. ಒಂದು ಗುಟುಕು ಕುಡಿದು, ಕಪ್ಪಿನೊಳಗೆ ಸ್ವಲ್ಪ ಇಣುಕಿ ನೋಡಿ, ಮುಂದಕ್ಕೆ ಓದಬೇಕು.

ಪತ್ತೇದಾರಿಗೆ ಸಿಪ್ಪೆ ಇರುವ ಶೇಂಗಾ ಒಳ್ಳೆಯದು. ಸುಲಿಯುವಷ್ಟು ಹೊತ್ತು ಸುಳಿವಿನ ಬಗ್ಗೆ ಯೋಚನೆ ಮಾಡಬಹುದು. ದೆವ್ವದ ಕಥೆಗೆ ಕುರುಕಲು ಬೇಡವೇ ಬೇಡ. ನಮ್ಮ ಹಲ್ಲಿನ ಸದ್ದೇ ಕಿವಿ ತುಂಬಿಕೊಂಡರೆ ಬಾಗಿಲು ಕಿರ್ ಅಂದಿದ್ದು ಹೇಗೆ ಕೇಳಿಸುತ್ತದೆ? ಸೂಪು ಥ್ರಿಲ್ಲರ್‌ಗೆ ಆಗಿಬರಲ್ಲ, ಆರಿ ಹೋಗುತ್ತದೆ. ಪ್ರೇಮಕಥೆಗೆ ಚಾಕೊಲೇಟ್ ಅಂತ ಎಲ್ಲರೂ ಹೇಳುತ್ತಾರೆ. ಬೆರಳ ಶಾಖಕ್ಕೆ ಅದು ಕರಗುತ್ತದೆ ಅನ್ನೋದನ್ನು ಯಾರೂ ಹೇಳಲ್ಲ. ಲೈಬ್ರರಿ ಪುಸ್ತಕವಾದರೆ ಏನನ್ನೂ ಹತ್ತಿರ ತರಬೇಡ. ಹಾಸಿಗೆಯಲ್ಲಿ ತಿಂದರೆ ಚೂರು ಕೊಡವಿಯೇ ಮಲಗು, ಇರುವೆ ಬರುತ್ತವೆ. ಹಣ್ಣು ತಿನ್ನು. ನೀರು ಕುಡಿ. ನೋಡು, ಉಪದೇಶ ಮಾಡಬಾರದು ಅಂತಲೇ ಬರೆಯಲು ಕೂತಿದ್ದೆ.

ನನ್ನ ಚಿಂತೆ ಬೇರೆ. "ನಿಂತ್ಕೊಂಡೇ ಏನೋ ತಿಂತೀನಿ, ಟೈಮಿಲ್ಲ" ಅಂದೆಯಲ್ಲ, ಅದು. ಏನು ತಿಂದೆ ಅಂತ ಕೇಳಿದರೆ ನಿನಗೇ ನೆನಪಿರಲಿಲ್ಲ. ಏನು ಓದಿದೆ ಅಂದಾಗ ಪುಸ್ತಕದ ಹೆಸರು ಹೇಳಿದೆ, ಲೇಖಕರ ಹೆಸರು ಹೇಳಿದೆ, ಟಿಪ್ಪಣಿ ಎಷ್ಟು ಮಾಡಿಕೊಂಡೆ ಅನ್ನೋದನ್ನೂ ಹೇಳಿದೆ. ಇಷ್ಟವಾಯಿತಾ ಅಂದಿದ್ದಕ್ಕೆ, "ಅದು ಪ್ರಶ್ನೆ ಅಲ್ಲಪ್ಪಾ" ಅಂದೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಷ್ಟದ ಪುಸ್ತಕ ಓದಬೇಡ ಅಂತ ನಾನು ಹೇಳುತ್ತಿಲ್ಲ. ಓದು. ನನಗೆ ಅರ್ಥವಾಗದ್ದನ್ನೆಲ್ಲ ನೀನು ಓದಬೇಕು.

ಪೆಟ್ಟಿಗೆ ನನ್ನ ಮಂಚದ ಕೆಳಗಿದೆ. ಅದರಿಂದ ಎರಡು ಪುಸ್ತಕ ತೆಗೆದು ಕಳಿಸುತ್ತಿದ್ದೇನೆ. ನಾಚಿಕೆಯಾದರೆ ರಟ್ಟು ಹಾಕಿಕೋ. ಭಾನುವಾರ ಫೋನ್ ಮಾಡು. ಏನು ಓದ್ತಿದ್ದೀಯ ಅಂತ ಕೇಳುತ್ತೇನೆ, ಸಿಲಬಸ್ಸಿನಲ್ಲಿರೋ ಹೆಸರು ಹೇಳಬೇಡ.

ನಿನ್ನ ಅಪ್ಪ