ಉದ್ರಿ ಪುಸ್ತಕದಲ್ಲಿ ಎಂಟು ತಿಂಗಳು

ಹೋದ ತಿಂಗಳು ನನ್ನ ಪಿಎಚ್‌.ಡಿ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಥೀಸಿಸ್ಸಿನ ಮೊದಲ ಪುಟಗಳಲ್ಲಿ ಕೃತಜ್ಞತೆಗೆ ಅಂತ ಒಂದು ಹಾಳೆ ಇರುತ್ತದೆ, ಅಲ್ವಾ? ಅಲ್ಲಿ ಫೆಲೋಶಿಪ್ ಕೊಟ್ಟವರು, ವಿಭಾಗದವರು, ಗೈಡ್, ಎಲ್ಲರೂ ಬಂದಿದ್ದಾರೆ. ಆದರೆ ಅದು ಇಂಗ್ಲಿಷಿನಲ್ಲಿದೆ. ನನಗೆ ಉದ್ರಿ ಕೊಟ್ಟವರು ಯಾರೂ ಅದನ್ನು ಓದುವುದಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಮಂಡಕ್ಕಿ ಭಟ್ಟಿ. ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ನೀವು ಮಿರ್ಚಿ ಜೊತೆ ತಿನ್ನುವ ಆ ಹಗುರ ಮಂಡಕ್ಕಿಯ ಹಿಂದೆ ಕಾದ ಮರಳಿದೆ. ಉಪ್ಪುನೀರಿನಲ್ಲಿ ಹದ ಮಾಡಿದ ಅಕ್ಕಿಯನ್ನು ಆ ಮರಳಿಗೆ ಸುರಿದು ಕೈಯಾಡಿಸುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಬೆಂಕಿಯ ಹೊಗೆ, ಹೊಟ್ಟಿನ ಧೂಳು, ಮರಳಿನ ಧೂಳು ಎಲ್ಲವೂ ಅಲ್ಲೇ ನಿಂತವರ ಮೂಗಿಗೆ. ಅವರ ಪುಪ್ಪುಸ ಹೇಗಿದೆ ಅಂತ ಅಳೆಯುವುದು ನನ್ನ ಕೆಲಸ. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ಇದ್ದವರು. ಅವರ ಕೆಮ್ಮು ಕೇಳುತ್ತಲೇ ಬೆಳೆದವಳು ನಾನು. ಈ ವಿಷಯ ಯಾಕೆ ಆರಿಸಿಕೊಂಡೆ ಅಂತ ವೈವಾದಲ್ಲಿ ಕೇಳಿದಾಗ ಬೇರೆ ಏನೋ ಹೇಳಿದೆ. ನಿಜವಾದ ಉತ್ತರ ಇದು.

2019ರಲ್ಲಿ ಫೆಲೋಶಿಪ್ ಸಿಕ್ಕಿತು. ಆಗ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ತಿಂಗಳಿಗೆ 31,000. ಎರಡು ವರ್ಷ ಆದ ಮೇಲೆ ಒಂದು ಸಮಿತಿ ಕೂತು ಕೆಲಸ ನೋಡಿ, ಸರಿ ಅನ್ನಿಸಿದರೆ ಹಿರಿಯ ಫೆಲೋಶಿಪ್, ಅಂದರೆ ಎಸ್‌ಆರ್‌ಎಫ್ ಮಾಡುತ್ತದೆ. ಆಗ 35,000. ನಮ್ಮ ಮನೆಯಲ್ಲಿ ಅಷ್ಟು ಸಂಬಳ ಕಂಡವಳು ನಾನೇ ಮೊದಲು. "ಓದೋಕೆ ದುಡ್ಡು ಕೊಡ್ತಾರಾ?" ಅಂತ ಅವ್ವ ಮೂರು ಸಲ ಕೇಳಿದಳು.

ಕೊಡುತ್ತಾರೆ. ಕೊಡುವ ರೀತಿ ಮಾತ್ರ ಬೇರೆ. ನನ್ನ ಫೆಲೋಶಿಪ್ಪಿನ ಹಣ ನೇರ ಕೈಗೆ ಬರುತ್ತಿರಲಿಲ್ಲ. ಮೊದಲು ಸಂಸ್ಥೆಯ ಖಾತೆಗೆ, ಅಲ್ಲಿಂದ ನಮಗೆ. ಹಿಂದಿನ ವರ್ಷದ ಹಣ ಹೇಗೆ ಖರ್ಚಾಯಿತು ಅಂತ ಯುಟಿಲೈಸೇಶನ್ ಸರ್ಟಿಫಿಕೇಟ್ ಹೋಗಬೇಕು. ಅದರ ಜೊತೆ ಲೆಕ್ಕದ ಪಟ್ಟಿ, ಪ್ರಗತಿ ವರದಿ. ಒಂದು ಸಹಿ ತಪ್ಪಿದರೆ ಮುಂದಿನ ಕಂತು ನಿಂತಿತು. 2022ರಲ್ಲಿ ನನ್ನದು ಹಾಗೇ ನಿಂತಿತು. ಯಾವ ಕಚೇರಿ, ಯಾರ ಮೇಜು, ಅದೆಲ್ಲ ಇಲ್ಲಿ ಬೇಡ. ಇವರು ಕಳಿಸಿದ್ದೇವೆ ಅಂದರು, ಅವರು ಬಂದಿಲ್ಲ ಅಂದರು. ನಡುವೆ ಎಂಟು ತಿಂಗಳು ಹೋಯಿತು. ಲೆಕ್ಕ ಹಾಕಿದರೆ 2,80,000 ರೂಪಾಯಿ. ನಾನು ದಿನಾ ಹಾಕುತ್ತಿದ್ದೆ.

ಈಗ ಸಾಲದ ಪಟ್ಟಿಗೆ ಬರುತ್ತೇನೆ.

ಮೊದಲು ನಮ್ಮ ಬೀದಿಯ ಕಿರಾಣಿ ಅಂಗಡಿ ಅಣ್ಣ. ಅಕ್ಕಿ, ಎಣ್ಣೆ, ಬೇಳೆ, ಅಪ್ಪನ ಬೀಡಿ ಬಿಡಿಸಲು ತಂದ ಪೆಪ್ಪರ್‌ಮಿಂಟು, ಎಲ್ಲವೂ ಅವರ ಉದ್ರಿ ಪುಸ್ತಕದಲ್ಲಿ. "ಏನವ್ವಾ, ನಿನ್ನ ಸರ್ಕಾರದ ದುಡ್ಡು ಬಂತಾ?" ಅಂತ ಕೇಳುವರು. "ಇಲ್ಲ ಅಣ್ಣಾ" ಅಂದರೆ, "ಬರ್ತದ್ ಬಿಡು, ನಮ್ಮ ಬೆಳೆ ಪರಿಹಾರನೂ ಹಿಂಗೇ" ಅಂದು ಬರೆದುಕೊಳ್ಳುವರು. ಒಂದು ಸಲವೂ ಪುಸ್ತಕ ನನ್ನ ಕಡೆ ತಿರುಗಿಸಿ ತೋರಿಸಲಿಲ್ಲ. ಉದ್ರಿ ತಂದವರಿಗೆ ಗೊತ್ತು, ಅದು ಎಷ್ಟು ದೊಡ್ಡ ಮಾತು ಅಂತ.

ಅವ್ವ ಸರ ಅಡ ಇಟ್ಟಳು. ನನಗೆ ಗೊತ್ತಾಗಿದ್ದು ಬಿಡಿಸಿಕೊಂಡು ಬಂದ ಮೇಲೆ. ಇದರ ಬಗ್ಗೆ ಜಾಸ್ತಿ ಬರೆದರೆ ಬೈಯುತ್ತಾಳೆ.

ಗೈಡ್ ಮೇಡಂ ಥೀಸಿಸ್ಸಿನಲ್ಲಿ ಇದ್ದಾರೆ. ಇಲ್ಲೂ ಇರಲಿ. ಊದಿಸಿ ಪುಪ್ಪುಸ ಅಳೆಯುವ ಯಂತ್ರ ಸ್ಪೈರೋಮೀಟರು. ಅದಕ್ಕೆ ಪ್ರತಿಯೊಬ್ಬರಿಗೂ ಹೊಸ ಮೌತ್‌ಪೀಸ್ ಬೇಕು. ಒಬ್ಬರು ಊದಿದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಸಂಶೋಧನೆಯ ಬಿಡಿ ಖರ್ಚಿಗೆ ಕೊಡುವ ಕಂಟಿಂಜೆನ್ಸಿ ಹಣವೂ ನಿಂತಿದ್ದ ದಿನಗಳಲ್ಲಿ ಮೇಡಂ ಟೇಬಲ್ ಮೇಲೆ ಎರಡು ಪೆಟ್ಟಿಗೆ ಮೌತ್‌ಪೀಸ್ ಇಟ್ಟು, "ಸ್ಟೋರಲ್ಲಿ ಇತ್ತು ಕಣೇ" ಅಂದರು. ಸ್ಟೋರಲ್ಲಿ ಇರಲಿಲ್ಲ. ಹಿಂದಿನ ದಿನ ನಾನೇ ಹುಡುಕಿದ್ದೆ.

ಆಮೇಲೆ ನಮ್ಮ ಆಶಾ ಕಾರ್ಯಕರ್ತೆ ಅಕ್ಕ. ಅವರಿಲ್ಲದೆ ಒಂದು ಭಟ್ಟಿಯ ಬಾಗಿಲೂ ತೆರೆಯುತ್ತಿರಲಿಲ್ಲ. ಯಾರ ಮೇಲೆ ಸಂಶೋಧನೆ ಮಾಡಿದರೂ ಒಪ್ಪಿಗೆ ಪತ್ರ ಬೇಕು, ಅದೂ ಅವರಿಗೆ ತಿಳಿಯುವ ಭಾಷೆಯಲ್ಲಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ನಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು. ಅಕ್ಕ ಸಾಕ್ಷಿಯಾಗಿ ಕೂತರು. ಸುಮ್ನೆ ಕೂರಲಿಲ್ಲ. "ಬ್ಯಾಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬಿಡಬಹುದು, ತಿಳೀತಾ?" ಅಂತ ಪ್ರತಿಯೊಬ್ಬರಿಗೂ ಕೇಳಿಸುವ ಹಾಗೆ ಹೇಳಿದರು. ಒಬ್ಬಿಬ್ಬರು ಬಿಟ್ಟೂ ಬಿಟ್ಟರು! ಅವತ್ತು ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಅಷ್ಟೂ ಪುಟಗಳನ್ನು ಅಕ್ಕ ಒಂದು ವಾಕ್ಯದಲ್ಲಿ ಮುಗಿಸಿದ್ದರು. ಮನೆಯಲ್ಲಿ ಉರ್ದು ಮಾತಾಡುವವರಿಗೆ ಅದೇ ಪತ್ರವನ್ನು ಓದಿ ಹೇಳಿದವರು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು. ಚಹಾ ಬಿಟ್ಟು ಏನನ್ನೂ ತೆಗೆದುಕೊಳ್ಳಲಿಲ್ಲ.

ಇನ್ನು ಭಟ್ಟಿಯವರು. ಅವರ ಬಗ್ಗೆ ಎಷ್ಟು ಬರೆದರೂ ಕಡಿಮೆ.

ಈ ಪರೀಕ್ಷೆ ನೋಡಲು ಸುಲಭ. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ, ಉಸಿರು ತುಂಬಾ ಎಳೆದು ಒಂದೇ ಸಲಕ್ಕೆ ಜೋರಾಗಿ ಊದಬೇಕು. ಖಾಲಿಯಾಗುವ ತನಕ ಬಿಡಬಾರದು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು, ಒಟ್ಟು ಎಷ್ಟು ಬಂತು, ಅದನ್ನು ಯಂತ್ರ ಹೇಳುತ್ತದೆ. ಉಸಿರುನಾಳ ಹಿಗ್ಗಿಸುವ ಔಷಧ ಎಳೆಸಿದ ಮೇಲೂ ಮೊದಲ ಸೆಕೆಂಡಿನದು ಒಟ್ಟಿನ ಶೇ. 70ಕ್ಕಿಂತ ಕಡಿಮೆ ಇದ್ದರೆ ಉಸಿರುನಾಳ ಕಟ್ಟಿಕೊಂಡಿದೆ ಅಂತ ಅನುಮಾನ ಪಡಬೇಕು. ಸರಿಯಾಗಿ ಬಂದ ಊದು ಕನಿಷ್ಠ ಮೂರು ಬೇಕು. ಅಂದರೆ ಬೆಳಗಿನ ಜಾವದಿಂದ ಬೆಂಕಿ ಮುಂದೆ ನಿಂತು ದಣಿದವರಿಗೆ ನಾನು "ಊದಿ, ಊದಿ, ಇನ್ನೂ, ಇನ್ನೂ, ಇನ್ನೂ!" ಅಂತ ಕೂಗಬೇಕು. ನನ್ನ ಕೂಗು ಕೇಳಿ ಮೊದಲ ದಿನ ಬೀದಿಯವರು ಹೆರಿಗೆ ಅಂದುಕೊಂಡರಂತೆ.

ವಯಸ್ಸು, ಎತ್ತರ ಸರಿ ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಎತ್ತರ ಅಳೆಯಬಹುದು. ವಯಸ್ಸು? "ಇಂದಿರಾ ಗಾಂಧಿ ಸತ್ತ ವರ್ಷ ನನ್ನ ಮದುವೆ ಆಯ್ತು" ಅಂದರು ಒಬ್ಬ ಅಜ್ಜಿ. ಅಲ್ಲಿಗೆ 1984 ಸಿಕ್ಕಿತು. ಮದುವೆಯಲ್ಲಿ ಎಷ್ಟು ವಯಸ್ಸು ಅಂತ ಹುಡುಕಲು ಇನ್ನರ್ಧ ಗಂಟೆ. ಯಂತ್ರ ಸರಿ ಇದೆಯಾ ಅಂತ ದಿನಾ ಮೂರು ಲೀಟರ್ ಸಿರಿಂಜಿನಿಂದ ಗಾಳಿ ತಳ್ಳಿ ನೋಡುತ್ತಿದ್ದೆ. ಅದಕ್ಕೆ ಭಟ್ಟಿ ಹುಡುಗರು ಇಟ್ಟ ಹೆಸರು 'ಸೈಕಲ್ ಪಂಪು'. ಈಗ ಲ್ಯಾಬಿನಲ್ಲೂ ಅದೇ ಹೆಸರು.

2020ರಲ್ಲಿ ಕೊರೊನಾ ಬಂದಾಗ ಊದಿಸುವ ಪರೀಕ್ಷೆಯೇ ನಿಂತಿತು. ಜೋರಾಗಿ ಊದಿದರೆ ಸೋಂಕು ಹರಡುವ ಭಯ. ಒಂದು ವರ್ಷಕ್ಕೂ ಜಾಸ್ತಿ ಹೋಯಿತು. ಮತ್ತೆ ಹೋದಾಗ ಅದೇ ಜನ, "ಎಲ್ಲಿ ಹೋಗಿದ್ರಿ ಡಾಕ್ಟ್ರಮ್ಮಾ, ಮಷೀನ್ ತಂದೀರಾ?" ಅಂದರು. ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಹೋದ ತಿಂಗಳಿಂದ ಆ ಮಾತು ಅರ್ಧ ನಿಜ.

2022ರ ಆ ತಿಂಗಳುಗಳಲ್ಲಿ ಒಂದು ದಿನ ಬಸ್ಸಿಗೆ ದುಡ್ಡಿಲ್ಲದೆ ನಡೆದು ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ವಾಪಸ್ ಹೊರಡುವಾಗ ಆ ಅಜ್ಜಿ ಒಂದು ದೊಡ್ಡ ಚೀಲ ಮಂಡಕ್ಕಿ ಕೈಗಿಟ್ಟರು. ಅಧ್ಯಯನದಲ್ಲಿ ಇರುವವರಿಂದ ಏನೂ ತೆಗೆದುಕೊಳ್ಳಬಾರದು ಅಂತ ನಾನು ನಿಯಮ ಹೇಳಿದೆ. "ನಿಯಮ ನಿನಗೆ, ಮಂಡಕ್ಕಿ ನಿಮ್ಮವ್ವಂಗೆ" ಅಂದರು. ಒಂದು ವಾರ ಸಂಜೆ ಊಟ ಅದೇ. ಇದನ್ನು ಥೀಸಿಸ್ಸಿನಲ್ಲಿ ಬರೆದಿದ್ದರೆ ಪರೀಕ್ಷಕರು ಏನೆನ್ನುತ್ತಿದ್ದರೋ!

ಹಣ ಕೊನೆಗೆ ಒಟ್ಟಿಗೆ ಬಂತು. 2023ರ ಜೂನಿನಲ್ಲಿ ಸರ್ಕಾರ ಜೆಆರ್‌ಎಫ್ 37,000, ಎಸ್‌ಆರ್‌ಎಫ್ 42,000 ಅಂತ ಏರಿಸಿ, ಆ ವರ್ಷದ ಜನವರಿಯಿಂದಲೇ ಲೆಕ್ಕ ಹಿಡಿಯಿತು. ಅದಕ್ಕಾಗಿ ಬೀದಿಗಿಳಿದು ಕೇಳಿದ ಬೇರೆ ಬೇರೆ ಊರಿನ ಸಂಶೋಧಕರಿಗೂ ನನ್ನ ನಮಸ್ಕಾರ. ನಾನು ಯಾವ ಧರಣಿಗೂ ಹೋಗಲಿಲ್ಲ, ದುಡ್ಡು ಮಾತ್ರ ತೆಗೆದುಕೊಂಡೆ.

ಮುಂದೇನು ಅಂತ ಎಲ್ಲರೂ ಕೇಳುತ್ತಿದ್ದಾರೆ. ಇಂಡಿಯಾ ಅಲಯನ್ಸ್ ಅಂತ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರು ಮಾಡಿದ್ದು. ಆರೋಗ್ಯ ಸಂಶೋಧನೆಗೆ ಹೊಸಬರಾದವರಿಗೂ ಅಲ್ಲಿ ಫೆಲೋಶಿಪ್ ಇದೆ. 2025ರ ಅಕ್ಟೋಬರಿನಲ್ಲಿ ಅದರ ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿತು. ಒಟ್ಟು 1,500 ಕೋಟಿ. ಅದರಲ್ಲಿ ಸಾವಿರ ಕೋಟಿ ನಮ್ಮ ಇಲಾಖೆಯದು. ಅರ್ಜಿ ಬರೆಯುತ್ತಿದ್ದೇನೆ. ಬೆಂಗಳೂರಿಗೆ ಬಾ ಅನ್ನುವವರು ಇದ್ದಾರೆ. ಭಟ್ಟಿ ಇರುವುದು ಇಲ್ಲಿ. ಸಿಗದಿದ್ದರೆ ಮತ್ತೆ ಹಾಕುತ್ತೇನೆ. ಕಿರಾಣಿ ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ.

ಫಲಿತಾಂಶ ಏನು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಅದನ್ನು ಮೊದಲು ಕೇಳಬೇಕಾದವರು ಊದಿದವರು. ಬರುವ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ಕೆಲಸ ಮುಗಿದ ಮೇಲೆ, ಪ್ರತಿಯೊಬ್ಬರ ಕಾಗದ ಅವರವರ ಕೈಗೆ ಕೊಟ್ಟು ಕನ್ನಡದಲ್ಲಿ ಹೇಳುತ್ತೇನೆ, ಉರ್ದುವಿನಲ್ಲಿ ಮೇಷ್ಟ್ರು ಹೇಳುತ್ತಾರೆ. ಆಸ್ಪತ್ರೆಗೆ ಹೋಗಬೇಕಾದವರ ಜೊತೆ ಸೋಮವಾರ ನಾನೇ ಬರುತ್ತೇನೆ. ಭಾನುವಾರದ ಮಿರ್ಚಿ ಖರ್ಚು ನನ್ನದು. ಮಂಡಕ್ಕಿ ನೀವೇ ತರಬೇಕು.